ಜ್ವಾಲಾಮುಖಿ ಇಲ್ಲದ ನೀಲಗಿರಿಯಲ್ಲಿ ಬೂದಿಮಣ್ಣಿನ ಗುಣ

ಊಟಿಯ ಮೇಲ್ಭಾಗದ ಹೊಲಗಳಿಂದ ಬರುವ ಮಣ್ಣು ಪರೀಕ್ಷೆಯ ರಿಪೋರ್ಟ್ ನೋಡಿದರೆ ಬಯಲುಸೀಮೆಯ ರೈತನಿಗೆ ಹೊಟ್ಟೆಕಿಚ್ಚಾಗಬೇಕು. ಸಾವಯವ ಇಂಗಾಲ ಶೇ. 0.75 ದಾಟಿದರೆ ಸಾಕು, ನಮ್ಮ ಲ್ಯಾಬುಗಳು ‘ಅಧಿಕ’ ಎಂದು ಬರೆಯುತ್ತವೆ. ಇಲ್ಲಿ ಅದು ಶೇ. 4, 5, ಕೆಲವು ಕಡೆ ಅದಕ್ಕೂ ಜಾಸ್ತಿ. ಆ ಲೆಕ್ಕದಲ್ಲೇ ಸಾರಜನಕವೂ ‘ಅಧಿಕ’ ಆಗಿಬಿಡುತ್ತದೆ. ಮಣ್ಣೂ ಅಷ್ಟೇ, ಕಪ್ಪಗೆ, ಹಗುರ, ಕೈಗೆ ಮೆತ್ತಗೆ. ಹೊಲಕ್ಕೆ ಹೋದರೆ ಕಥೆಯೇ ಬೇರೆ. ಕೋಸಿನ ಸಸಿ ನೆಟ್ಟಷ್ಟೇ ಎತ್ತರದಲ್ಲಿ ಕೂತಿರುತ್ತದೆ, ಎಲೆ ನೇರಳೆಗೆ ತಿರುಗಿರುತ್ತದೆ. ರಂಜಕ ಸಿಗದ ಗಿಡದ ಲಕ್ಷಣ ಇದು.

ತಾಳವಾಡಿಯಿಂದ ಬಂದು ಇಲ್ಲಿ ಗುತ್ತಿಗೆಗೆ ಭೂಮಿ ಹಿಡಿದ ರೈತರೊಬ್ಬರು ಕೇಳಿದ್ದರು: “ಅಲ್ಲ ಸಾರ್, ನಮ್ಮೂರಲ್ಲಿ ಇದರ ಅರ್ಧ ಸೂಪರ್ ಫಾಸ್ಫೇಟ್ ಹಾಕಿದ್ರೆ ಬೆಳೆ ಎದ್ದು ನಿಲ್ಲುತ್ತೆ. ಇಲ್ಲಿ ಮೂಟೆಗಟ್ಟಲೆ ಸುರಿದ್ರೂ ಅದು ಎಲ್ಲಿಗೆ ಹೋಗುತ್ತೆ?”

ಎಲ್ಲಿಗೂ ಹೋಗುವುದಿಲ್ಲ. ಅದೇ ತೊಂದರೆ. ಹಾಕಿದ ಜಾಗದಲ್ಲೇ, ಬೇರಿನ ಪಕ್ಕದಲ್ಲೇ ಇರುತ್ತದೆ. ಮಣ್ಣು ಅದನ್ನು ಬಿಟ್ಟುಕೊಡುವುದಿಲ್ಲ.

ಹೀಗೆ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಹೆಸರಾದವು ಜ್ವಾಲಾಮುಖಿಯ ಬೂದಿಯಿಂದ ಹುಟ್ಟಿದ ಮಣ್ಣುಗಳು. ಜಪಾನ್, ಜಾವಾ, ಈಕ್ವೆಡಾರ್, ಚಿಲಿ, ಹವಾಯಿಯ ಬೆಟ್ಟಗಳ ಕಪ್ಪು ಮಣ್ಣು ಈ ಜಾತಿಯದು. ಮಣ್ಣು ವಿಜ್ಞಾನದಲ್ಲಿ ಇವಕ್ಕೆ ಆಂಡೊಸಾಲ್ ಎನ್ನುತ್ತಾರೆ. ಅಮೆರಿಕದ ವರ್ಗೀಕರಣ 1990ರಲ್ಲಿ ಇವನ್ನು ಆಂಡಿಸಾಲ್ ಎಂಬ ಪ್ರತ್ಯೇಕ ಗುಂಪಾಗಿ ಸೇರಿಸಿಕೊಂಡಿತು. ಜಗತ್ತಿನ ನೆಲದಲ್ಲಿ ಇವುಗಳ ಪಾಲು ಶೇ. 1ಕ್ಕಿಂತ ಕಡಿಮೆ. ನೀಲಗಿರಿಯಲ್ಲಿ ಜ್ವಾಲಾಮುಖಿ ಎಲ್ಲಿದೆ ಅಂತ ಕೇಳಬಹುದು. ಇಲ್ಲ. ಆದರೂ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಮೇಲಿನ ನಮ್ಮ ಮಣ್ಣು ಆ ಗುಂಪಿನ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಮಣ್ಣು ವಿಜ್ಞಾನಿಗಳು 2000ದ ಆಸುಪಾಸಿನಲ್ಲಿ ಇದನ್ನು ವಿವರವಾಗಿ ತೋರಿಸಿದರು. ಆದರೂ ನಮ್ಮ ಗೊಬ್ಬರದ ಶಿಫಾರಸುಗಳಾಗಲಿ, ಗುಡ್ಡ ಕಡಿಯುವ ಜೇಸಿಬಿಗಳಾಗಲಿ ಈ ವಿಷಯಕ್ಕೆ ಇನ್ನೂ ಕಿವಿಗೊಟ್ಟಿಲ್ಲ.

ಮೊದಲು ಬೂದಿಯ ಕಥೆ. ಜ್ವಾಲಾಮುಖಿಯ ಬೂದಿ ಅಂದರೆ ಒಲೆಯ ಬೂದಿಯಲ್ಲ. ಅದು ಕರಗಿದ ಕಲ್ಲು ಗಾಳಿಯಲ್ಲಿ ಸಿಡಿದು ತಟ್ಟನೆ ತಣಿದ ಗಾಜಿನ ಪುಡಿ. ಹರಳುಗಟ್ಟಲು ಅದಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಹಾಗಾಗಿ ಮಳೆ ಬಿದ್ದಾಗ ಬೇಗ ಕರಗುತ್ತದೆ. ಕರಗಿದಾಗ ಅಲ್ಯೂಮಿನಿಯಂ, ಕಬ್ಬಿಣ, ಸಿಲಿಕಾ ಹೊರಬರುತ್ತವೆ. ಇವು ಸೇರಿ ಅಲೊಫೇನ್, ಇಮೊಗೊಲೈಟ್ ಎಂಬ ಅತಿ ಸಣ್ಣ ಕಣಗಳಾಗುತ್ತವೆ. ಅಲೊಫೇನ್ ಕಣ ಒಂದು ಟೊಳ್ಳು ಗೋಲ, ಅಡ್ಡಳತೆ 5 ನ್ಯಾನೊಮೀಟರ್ ಒಳಗೆ. ಕಣ ಇಷ್ಟು ಸಣ್ಣದಾದಾಗ ಹಿಡಿಮಣ್ಣಿನ ಒಳಗಿನ ಮೇಲ್ಮೈ ವಿಪರೀತ ಹೆಚ್ಚುತ್ತದೆ. ನೀರು, ರಂಜಕ, ಕೊಳೆತ ಎಲೆಯ ಅಂಶ ಎಲ್ಲವೂ ಅಲ್ಲಿ ಅಂಟಿಕೊಳ್ಳುತ್ತವೆ.

ಇದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ತುಂಬಾ ಮಳೆ, ತಂಪು, ಹುಳಿ ಮಣ್ಣು, ಜೊತೆಗೆ ರಾಶಿ ಎಲೆಕಸ ಇದ್ದಲ್ಲಿ ಅಲ್ಯೂಮಿನಿಯಂ ಸಿಲಿಕಾದ ಕಡೆ ಹೋಗುವುದಿಲ್ಲ. ಕೊಳೆತ ಸಾವಯವ ಅಂಶದ ಜೊತೆ ಕಟ್ಟಿಕೊಳ್ಳುತ್ತದೆ. ಅಲೊಫೇನ್ ಹುಟ್ಟುವುದೇ ಇಲ್ಲ, ಆದರೆ ಮಣ್ಣಿನ ವರ್ತನೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈ ಎರಡನೇ ದಾರಿಗೆ ಬೂದಿಯೇ ಬೇಕು ಅಂತಿಲ್ಲ. ಅಲ್ಯೂಮಿನಿಯಂ ಎಲ್ಲಿಂದ ಬಂದರೂ ನಡೆಯುತ್ತದೆ.

ನೀಲಗಿರಿಯಲ್ಲಿ ಅದು ಬಂದದ್ದು ಜಂಬಿಟ್ಟಿಗೆಯಿಂದ. ಇಲ್ಲಿನ ಬುಡದ ಕಲ್ಲು ಚಾರ್ನಕೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಅದು ಯುಗಗಟ್ಟಲೆ ಕೊಳೆತು ಸಿಲಿಕಾವನ್ನು ಬಹುಪಾಲು ಕಳೆದುಕೊಂಡು, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಆಕ್ಸೈಡ್ ತುಂಬಿದ ಕೆಂಪು ಪದರವಾಗಿದೆ. ಅದರ ಮೇಲೆ ಸೋಲೆ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು), ಹುಲ್ಲುಗಾವಲು, ಮಂಜು, ಮುಂಗಾರು-ಹಿಂಗಾರು ಎರಡರ ಮಳೆ. ಚಳಿಗೆ ಎಲೆ ನಿಧಾನವಾಗಿ ಕೊಳೆಯುತ್ತದೆ. ಕೊಳೆತದ್ದನ್ನು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡದ್ದನ್ನು ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ತಿನ್ನಲಾಗದು. ಸಾವಿರಾರು ವರ್ಷದ ಇಂಗಾಲ ಹೀಗೆ ಕೂಡಿಬಿದ್ದಿದೆ. ಇಲ್ಲಿನ ಕಣಿವೆಗಳ ಜೌಗು ಮಣ್ಣನ್ನು ಓದಿ 20,000 ವರ್ಷಗಳ ಹವಾಮಾನದ ಕಥೆ ಹೇಳಿದ ಅಧ್ಯಯನ 1993ರಲ್ಲೇ ಬಂದಿದೆ. ಕೆಳಗೆ ಮೇಟ್ಟುಪಾಳ್ಯದ ಕಡೆ ಇಳಿದಂತೆ ಬಿಸಿ ಹೆಚ್ಚಿ ಈ ಗುಣ ಮಾಯವಾಗುತ್ತದೆ. ಅದೇ ಕಲ್ಲು, ಬೇರೆ ಮಣ್ಣು.

ಇಲ್ಲಿ ಎರಡು ಗೊಂದಲ ಬಿಡಿಸಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಓದುಗರು ‘ನಮ್ಮ ಎರೆಮಣ್ಣೂ ಜ್ವಾಲಾಮುಖಿಯದೇ ಅಲ್ವಾ’ ಅನ್ನಬಹುದು. ಹೌದು, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಲ್ಲಿನಿಂದ ಹುಟ್ಟಿದ್ದು. ಆದರೆ ಅದು ನೆನೆದಾಗ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವ ಜೇಡಿ. ಗುಣದಲ್ಲಿ ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಬಣ್ಣ ಮಾತ್ರ ಒಂದೇ. ಇನ್ನೊಂದು, ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ನಮ್ಮ ದಕ್ಷಿಣದ ಮೇಲೂ ಬೂದಿ ಬಿದ್ದದ್ದು ನಿಜ. ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಅದರ ದಪ್ಪ ಪದರ ಸಿಕ್ಕಿದೆ. ಊರಿನ ಹೆಸರೂ ಸರಿಯಾಗಿಯೇ ಇದೆ ನೋಡಿ! ಆದರೆ ನೀಲಗಿರಿಯ ಮಣ್ಣಿನ ಗುಣಕ್ಕೆ ಆ ಬೂದಿ ಬೇಕಿಲ್ಲ. ಕೆಳಗಿನ ಜಂಬಿಟ್ಟಿಗೆಯೇ ಅದನ್ನು ವಿವರಿಸುತ್ತದೆ.

ಹೊಲದಲ್ಲಿ ಗುರುತಿಸುವುದು ಹೇಗೆ? ಒಂದು ಹಿಡಿ ತೇವದ ಮಣ್ಣು ತೆಗೆದುಕೊಳ್ಳಿ. ಅದು ಒಣಗಿದಂತೆಯೇ ಕಾಣುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಗಟ್ಟಿಯಾಗಿ ಉಜ್ಜಿ. ಇದ್ದಕ್ಕಿದ್ದಂತೆ ನೀರು ಬಿಟ್ಟು ಬೆಣ್ಣೆಯಂತೆ ಜಾರುತ್ತದೆ. ಎರೆಮಣ್ಣಿನಂತೆ ಬೆರಳಿಗೆ ಅಂಟುವುದಿಲ್ಲ. ಕೈ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಕಣಗಳ ನಡುವೆ ಸಿಕ್ಕಿಕೊಂಡಿದ್ದ ನೀರು ಒತ್ತಡಕ್ಕೆ ಹೊರಬರುವುದೇ ಇದರ ಗುಟ್ಟು. ಈ ಮಾತನ್ನು ನೆನಪಿಡಿ, ಗುಡ್ಡದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ರಾಸಾಯನಿಕ ಪರೀಕ್ಷೆ ಬೇಕಿದ್ದರೆ ಸೋಡಿಯಂ ಫ್ಲೋರೈಡ್. 1 ಗ್ರಾಂ ಮಣ್ಣಿಗೆ 50 ಮಿಲಿ ಮೋಲಾರ್ ದ್ರಾವಣ ಹಾಕಿ, 2 ನಿಮಿಷದ ನಂತರ ಪಿಎಚ್ ನೋಡುವುದು. 9.5 ದಾಟಿದರೆ ಮಣ್ಣಿನಲ್ಲಿ ಚುರುಕಾದ ಅಲ್ಯೂಮಿನಿಯಂ ಇದೆ ಎಂದು ಅರ್ಥ. ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ ಹಿಡಿದು ಅಲ್ಲಿದ್ದ ಹೈಡ್ರಾಕ್ಸಿಲನ್ನು ಹೊರಗೆ ತಳ್ಳುತ್ತದೆ, ಅದಕ್ಕೇ ಪಿಎಚ್ ಏರುತ್ತದೆ. ಆದರೆ ಸುಣ್ಣ ಇರುವ ಮಣ್ಣಿನಲ್ಲೂ ಪಿಎಚ್ ಹೀಗೇ ಏರುತ್ತದೆ. ತಾಳವಾಡಿಯ ಸುಣ್ಣದ ಕಪ್ಪು ಮಣ್ಣಿಗೆ ಇದನ್ನು ಮಾಡಿ ‘ನಮ್ಮದೂ ಬೂದಿಮಣ್ಣು’ ಅಂದುಕೊಳ್ಳಬೇಡಿ. ಫ್ಲೋರೈಡ್ ವಿಷ, ಮನೆಯಲ್ಲಿ ಮಾಡುವ ಪರೀಕ್ಷೆಯೂ ಅಲ್ಲ.

ಈಗ ಲ್ಯಾಬಿನ ಎಡವಟ್ಟು. ನನ್ನ ಲೆಕ್ಕದಲ್ಲಿ ರೈತನಿಗೆ ಜಾಸ್ತಿ ನಷ್ಟ ಆಗುವುದು ಇಲ್ಲೇ. ಲ್ಯಾಬಿನಲ್ಲಿ ಮಣ್ಣನ್ನು ತೂಕದಲ್ಲಿ ಅಳೆಯುತ್ತಾರೆ, ಶಿಫಾರಸು ಮಾತ್ರ ಹೆಕ್ಟೇರಿಗೆ ಕೊಡುತ್ತಾರೆ. ನಡುವೆ ಒಂದು ಊಹೆ ಕೂತಿದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು 22.4 ಲಕ್ಷ ಕೆಜಿ ತೂಗುತ್ತದೆ ಎಂಬ ಊಹೆ. ಬಯಲಿನ ಮಣ್ಣಿಗೆ ಇದು ಸರಿ. ಅಲ್ಲಿ ಒಂದು ಘನ ಸೆಂ.ಮೀ. ಮಣ್ಣು ಸುಮಾರು ಒಂದೂವರೆ ಗ್ರಾಂ ತೂಗುತ್ತದೆ. ಆಂಡಿಕ್ ಮಣ್ಣಿನ, ಅಂದರೆ ಬೂದಿಮಣ್ಣಿನ ಗುಣವಿರುವ ಮಣ್ಣಿನ, ವ್ಯಾಖ್ಯೆಯೇ 0.9 ಗ್ರಾಂ ಅಥವಾ ಅದಕ್ಕಿಂತ ಕಡಿಮೆ. 0.75 ಎಂದಿಟ್ಟುಕೊಂಡರೆ ಅದೇ 15 ಸೆಂ.ಮೀ. ಪದರ 11.25 ಲಕ್ಷ ಕೆಜಿ ಮಾತ್ರ. ಅಂದರೆ ರಿಪೋರ್ಟಿನಲ್ಲಿ ಹೆಕ್ಟೇರಿಗೆ 30 ಕೆಜಿ ರಂಜಕ ಎಂದಿದ್ದರೆ ಹೊಲದಲ್ಲಿ ಇರುವುದು 15ರ ಆಸುಪಾಸು. ಸುಳ್ಳು ಹೇಳಿದ್ದು ಯಂತ್ರವಲ್ಲ, ಗುಣಿಸಿದ ಸಂಖ್ಯೆ.

ಮಣ್ಣನ್ನು ಒಣಗಿಸುವುದೂ ಇನ್ನೊಂದು ತಲೆನೋವು. ಎಲ್ಲ ಲ್ಯಾಬುಗಳೂ ಮಾದರಿಯನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುತ್ತವೆ. ಈ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕಣಗಳು ಒಂದಕ್ಕೊಂದು ಬಿಗಿದುಕೊಂಡು ಮರಳಿನಂಥ ಕಾಳಾಗುತ್ತವೆ. ಆಮೇಲೆ ನೀರು ಹಾಕಿದರೂ ಮೊದಲಿನ ಹಾಗೆ ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ‘ಮರಳು ಮಿಶ್ರಿತ’ ಎಂದು ಬಂದರೆ ಆ ಮರಳು ಲ್ಯಾಬಿನಲ್ಲೇ ಹುಟ್ಟಿದ್ದು ಇರಬಹುದು. ಹೊಲದಲ್ಲೂ ಇದೇ ನಡೆಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಬೆಳೆ ಕಿತ್ತು ಬರಿದಾಗಿ ಬಿಟ್ಟ ತಾಕಿನ ಮೇಲ್ಮಣ್ಣು ಪುಡಿಯಾಗಿ, ಮೊದಲ ಮಳೆಗೆ ನೀರನ್ನೇ ಒಳಗೆ ಬಿಟ್ಟುಕೊಳ್ಳದೆ ತೇಲಿಹೋಗುತ್ತದೆ. ಹುಲ್ಲೋ, ಕಸವೋ, ಹಸಿರೆಲೆಯೋ, ಏನಾದರೂ ಮುಚ್ಚಿರಲಿ. ಸುಮ್ನೆ ಬಿಡಬೇಡಿ.

ರಂಜಕಕ್ಕೆ ಬರೋಣ. ಆಂಡಿಕ್ ಮಣ್ಣು ಎನ್ನಿಸಿಕೊಳ್ಳಲು ಪರೀಕ್ಷೆಯಲ್ಲಿ ಕೊಟ್ಟ ಫಾಸ್ಫೇಟ್‌ನ ಶೇ. 85 ಭಾಗವನ್ನಾದರೂ ಮಣ್ಣು ಹಿಡಿದಿಟ್ಟುಕೊಳ್ಳಬೇಕು. ಇಂಥ ಕಡೆ ಸೂಪರ್ ಎರಚಿ ಉಳುವುದು ಅಂದರೆ ಪ್ರತಿ ಕಣಕ್ಕೂ ಗೊಬ್ಬರ ಪರಿಚಯಿಸಿ ಕೊಟ್ಟ ಹಾಗೆ. ಸಾಲಿನಲ್ಲಿ, ಬೀಜದ ಗೆಡ್ಡೆಯಿಂದ ಸ್ವಲ್ಪ ದೂರದಲ್ಲಿ, ಒಂದೇ ಗೆರೆಯಲ್ಲಿ ಹಾಕಿ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕಿದರೆ ಇನ್ನೂ ಒಳ್ಳೆಯದು. ಸಾವಯವ ಆಮ್ಲಗಳು ಅಲ್ಯೂಮಿನಿಯಂನ ಜಾಗಗಳನ್ನು ಮೊದಲೇ ತುಂಬಿಕೊಳ್ಳುತ್ತವೆ. ಚಹಾ ತೋಟಕ್ಕೆ ರಾಕ್ ಫಾಸ್ಫೇಟ್ ಸಾಕು, ಹುಳಿ ಮಣ್ಣೇ ಅದನ್ನು ಕರಗಿಸುತ್ತದೆ. ಜಪಾನಿನವರು ಯುದ್ಧದ ನಂತರ ಇಂಥದ್ದೇ ಮಣ್ಣಿಗೆ ವರ್ಷಗಟ್ಟಲೆ ರಂಜಕ ಸುರಿದು ಫಲ ತೆಗೆದರು. ಸಬ್ಸಿಡಿ ಗೊಬ್ಬರದ ಮೂಟೆಗೇ ಕ್ಯೂ ನಿಲ್ಲುವ ನಮಗೆ ಆ ದಾರಿ ಬೇಡ.

ಸಾರಜನಕ ‘ಅಧಿಕ’ ಎಂದು ಬಂದರೂ ಪೂರ್ತಿ ನಂಬಬೇಡಿ. ಇಂಗಾಲದ ಲೆಕ್ಕದಿಂದ ಊಹಿಸಿದ ಸಾರಜನಕ ಅದು. ಅಲ್ಯೂಮಿನಿಯಂ ಕಟ್ಟಿಹಾಕಿದ ಇಂಗಾಲ ಬೇಗ ಕೊಳೆಯುವುದಿಲ್ಲ, ಅದರೊಳಗಿನ ಸಾರಜನಕವೂ ಬೇಗ ಸಿಗುವುದಿಲ್ಲ. ಚಳಿಗಾಲದ ಬೆಳೆಗಂತೂ ಇನ್ನೂ ನಿಧಾನ. ಎಲೆಯ ಬಣ್ಣ ನೋಡಿ ಮೇಲುಗೊಬ್ಬರ ಕೊಡಿ.

ಸುಣ್ಣದ ವಿಷಯದಲ್ಲಿ ಅತಿ ಆಸೆ ಬೇಡ. ಪಿಎಚ್ 6.5 ಮಾಡುತ್ತೇನೆ ಅಂತ ಹೊರಟರೆ ದುಡ್ಡು ಹೋಗುತ್ತದೆ, ಆಲೂಗಡ್ಡೆಗೆ ಕಜ್ಜಿ ರೋಗವೂ ಬರುತ್ತದೆ. 5.5ರ ಹತ್ತಿರ ಬಂದರೆ ಬೇರಿಗೆ ವಿಷವಾಗುವ ಅಲ್ಯೂಮಿನಿಯಂ ಹೆಚ್ಚುಕಡಿಮೆ ಅಡಗುತ್ತದೆ, ಅಷ್ಟು ಸಾಕು. ಚಹಾಕ್ಕೆ ಹುಳಿ ಮಣ್ಣೇ ಇಷ್ಟ, ಅದು ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ತುಂಬಿಕೊಂಡೇ ಆರಾಮಾಗಿರುತ್ತದೆ. ಊಟಿಯ ಬೇಲಿಗಳಲ್ಲಿ ಹೈಡ್ರೇಂಜಿಯ ಹೂವು ನೀಲಿಯಾಗಿ ಅರಳುವುದೂ ಇದೇ ಅಲ್ಯೂಮಿನಿಯಂನಿಂದ. ಸುಣ್ಣ ಹಾಕಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪ್ರವಾಸಿಗರಿಗೆ ಫೋಟೋ, ನಮಗೆ ಬಿಟ್ಟಿ ಪಿಎಚ್ ಮೀಟರ್.

ಇನ್ನು ಇಳಿಜಾರು. ಸೋಲೆಯ ಕೆಳಗೆ ಈ ಮಣ್ಣು ಮಾಡುವ ಕೆಲಸ ದೊಡ್ಡದು. ಎಷ್ಟೇ ಜೋರು ಮಳೆ ಬಂದರೂ ಕಾಡಿನೊಳಗೆ ಮೇಲೆ ಹರಿಯುವ ನೀರು ಬಹಳ ಕಡಿಮೆ. ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ರಂಧ್ರ, ನೀರು ನೇರ ಒಳಗಿಳಿಯುತ್ತದೆ. ಕೆಳಗಿನ ಬಿಗಿ ಪದರ ಸಿಕ್ಕಲ್ಲಿ ಅಡ್ಡ ತಿರುಗಿ ತಗ್ಗಿನಲ್ಲಿ ಒರತೆಯಾಗಿ ಬರುತ್ತದೆ. ಹಟ್ಟಿಗಳ ಕುಡಿಯುವ ನೀರಿನ ಒರತೆಗಳು ಕಾಡಿನ ಬುಡದಲ್ಲೇ ಇರುವುದು ಸುಮ್ನೆ ಅಲ್ಲ.

ಆದರೆ ಅದೇ ಗುಣ ಗುಡ್ಡ ಕಡಿದಾಗ ತಿರುಗಿ ಬೀಳುತ್ತದೆ. ತೇವದ ಈ ಮಣ್ಣನ್ನು ಕಡಿದರೆ ಗೋಡೆಯ ಹಾಗೆ ನೇರ ನಿಲ್ಲುತ್ತದೆ. ಜೇಸಿಬಿಯವರಿಗೂ ಕಂಟ್ರಾಕ್ಟರಿಗೂ ಖುಷಿ. ‘ನೋಡಿ, ಎಷ್ಟು ಗಟ್ಟಿ’ ಅನ್ನುತ್ತಾರೆ. ಬೆರಳಲ್ಲಿ ಉಜ್ಜಿದಾಗ ಏನಾಯಿತು ನೆನಪಿದೆಯಲ್ಲ? ಪೂರ್ತಿ ನೆನೆದ ಮೇಲೆ ಅಲುಗಾಡಿದರೆ ಹಿಡಿತ ಬಿಟ್ಟು ಹರಿಯುತ್ತದೆ. ಇಟಲಿಯ ಸಾರ್ನೊದಲ್ಲಿ 1998ರ ಮೇ ತಿಂಗಳಲ್ಲಿ ವೆಸೂವಿಯಸ್‌ನ ಹಳೆ ಬೂದಿಮಣ್ಣು ಮಳೆಗೆ ಕೆಸರಾಗಿ ಇಳಿದು ಸುಮಾರು 160 ಜನ ಸತ್ತರು. ಜಪಾನಿನ ಹೊಕ್ಕೈಡೊದಲ್ಲಿ 2018ರ ಸೆಪ್ಟೆಂಬರ್ ಭೂಕಂಪಕ್ಕೆ ಕಾಡಿದ್ದ ಗುಡ್ಡಗಳೇ ಸಾವಿರಾರು ಕಡೆ ಜಾರಿದವು. ಮರ ಇದ್ದರೆ ಸಾಕು ಅನ್ನುವವರು ಇದನ್ನು ಗಮನಿಸಬೇಕು. ಬೇರು ಮೇಲಿನ ಒಂದೆರಡು ಮೀಟರನ್ನು ಹಿಡಿಯುತ್ತದೆ. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಮರದ ಸಮೇತ ಜಾರುತ್ತದೆ.

ನೀಲಗಿರಿಯ ಎಲ್ಲ ಕುಸಿತವನ್ನೂ ಈ ಮಣ್ಣಿನ ತಲೆಗೆ ಕಟ್ಟಬಾರದು. 2009ರ ನವೆಂಬರಿನ ಮಳೆಯಲ್ಲಿ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆಗ ಕೂನೂರು, ಕೋತಗಿರಿ ಕಡೆ ಕುಸಿದದ್ದರಲ್ಲಿ ಕೆಳಗಿನ ದಪ್ಪ ಕೊಳೆತ ಕಲ್ಲಿನ ಪದರ, ರಸ್ತೆ ಕಡಿತ, ಮುಚ್ಚಿಹೋದ ಚರಂಡಿ ಎಲ್ಲದರ ಪಾಲಿತ್ತು. 2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನಕ್ಕೆ 82 ಸೆಂ.ಮೀ. ಮಳೆ ಬಿತ್ತು. ಅಷ್ಟು ನೀರನ್ನು ಯಾವ ಮಣ್ಣೂ ಸುಮ್ಮನೆ ಕುಡಿಯಲಾರದು.

ಹೊಸ ಮನೆಗೆ ಜಾಗ ತೋರಿಸಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಹಿಂದಿನ ಗುಡ್ಡವನ್ನು ನೇರ ಕಡಿಯಬೇಡಿ, ಮೆಟ್ಟಿಲಾಗಿ ಕಡಿಯಿರಿ. ಕಡಿತದ ತಲೆಯ ಮೇಲೆ ಚರಂಡಿ ತೆಗೆದು ಮಳೆನೀರು ಪಕ್ಕಕ್ಕೆ ಹೋಗುವಂತೆ ಮಾಡಿ. ತಡೆಗೋಡೆ ಕಟ್ಟಿದರೆ ನೀರು ಹೊರಬರಲು ತೂತು ಬಿಡಿ, ಅವು ಮುಚ್ಚಿಹೋಗದಂತೆ ಹಿಂದೆ ಜಲ್ಲಿ ತುಂಬಿ. ಶೌಚದ ಗುಂಡಿಯನ್ನು ಕಡಿತದ ಮೇಲ್ಭಾಗದಲ್ಲಿ ತೋಡಬೇಡಿ, ವರ್ಷವಿಡೀ ಮಣ್ಣನ್ನು ನೆನೆಸುವುದು ಅದೇ. ಮಳೆಗಾಲದಲ್ಲಿ ಒರತೆಯ ನೀರು ದಿಢೀರ್ ಕೆಸರಾದರೆ, ಹೊಸ ಜಾಗದಲ್ಲಿ ನೀರು ಚಿಮ್ಮಿದರೆ, ಗುಡ್ಡದ ಮೇಲೆ ಅರ್ಧಚಂದ್ರದ ಆಕಾರದ ಬಿರುಕು ಕಂಡರೆ, ಆ ರಾತ್ರಿ ಅಲ್ಲಿ ಮಲಗಬೇಡಿ. ಸಾಮಾನು ಬೆಳಿಗ್ಗೆ ತೆಗೆದುಕೊಂಡರಾಯಿತು.