ಪ್ರೊಮೊಸಿಯೋನ್ ಅಂದರೆ ಬಡ್ತಿ ಅಲ್ಲ

ಮತ್ತೆ ಅದೇ ತಪ್ಪು. ಸ್ಪೇನ್ ಫುಟ್‌ಬಾಲ್ ಬಗ್ಗೆ ಬರೆಯುವವರು ‘ಪ್ರೊಮೊಸಿಯೋನ್’ ಅನ್ನುವ ಪದ ಕಂಡ ಕೂಡಲೇ ಅದನ್ನು ಇಂಗ್ಲಿಷಿನ ಪ್ರಮೋಷನ್ ಅಂದುಕೊಂಡು ‘ಬಡ್ತಿ’ ಅಂತ ಬರೆದುಬಿಡುತ್ತಾರೆ. ಮೊನ್ನೆ ಓದಿದ ಸಾಲು ಇದು: ‘1999ರಲ್ಲಿ ವಿಯಾರೆಯಾಲ್ ಬಡ್ತಿಗಾಗಿ ಆಡಿ ಸೋತಿತು.’ ಆ ವರ್ಷ ಈ ಸ್ಪೇನ್ ತಂಡ ಆಡುತ್ತಿದ್ದದ್ದೇ ಎಲ್ಲಕ್ಕಿಂತ ಮೇಲಿನ ಹಂತವಾದ ಮೊದಲ ಡಿವಿಜನ್‌ನಲ್ಲಿ. ಅಲ್ಲಿಂದ ಮೇಲೆ ಏರೋದಕ್ಕೆ ಜಾಗ ಎಲ್ಲಿದೆ?

ಇದೇ ತಂಡವನ್ನು ಹಿಡಿದುಕೊಂಡರೆ ಪದದ ಅರ್ಥ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. 1998ರಲ್ಲಿ ವಿಯಾರೆಯಾಲ್ ಎರಡನೇ ಡಿವಿಜನ್‌ನಲ್ಲಿತ್ತು. ಮೊದಲ ಡಿವಿಜನ್‌ನ ಕೊಂಪೊಸ್ತೆಲಾ ಜೊತೆ ಎರಡು ಪಂದ್ಯ ಆಡಿತು. ತನ್ನ ಊರಲ್ಲಿ 0-0, ಅವರ ಊರಲ್ಲಿ 1-1. ಒಟ್ಟು ಲೆಕ್ಕ ಸಮ ಆದರೂ, ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚು ಅನ್ನುವ ಆಗಿನ ನಿಯಮದಿಂದ, ಆ ಒಂದು ಗೋಲಿನ ಬಲದಲ್ಲಿ ಮೇಲೇರಿತು. ಮರುವರ್ಷ ಮೊದಲ ಡಿವಿಜನ್‌ನ ತಳದಲ್ಲಿ ಉಳಿದು, ಕೆಳಗಿನಿಂದ ಬಂದ ಸೆವಿಯಾ ಜೊತೆ ಆಡಬೇಕಾಯಿತು. ಸೋತಿತು, ಕೆಳಗಿಳಿಯಿತು. ಎರಡೂ ವರ್ಷ ವಿಯಾರೆಯಾಲ್ ‘ಪ್ರೊಮೊಸಿಯೋನ್ ಆಡಿತು’ ಅಂತಲೇ ಸ್ಪೇನಿನವರು ಹೇಳುತ್ತಾರೆ. ಒಂದು ಸಲ ಏರೋದಕ್ಕೆ, ಇನ್ನೊಂದು ಸಲ ಉಳಿಯೋದಕ್ಕೆ. ಅಂದರೆ ಆ ಪದ ಪಂದ್ಯದ ಹೆಸರು. ಪಂದ್ಯದಿಂದ ಏನು ಸಿಕ್ಕಿತು ಅನ್ನೋದನ್ನು ಅದು ಹೇಳುವುದೇ ಇಲ್ಲ.

ಮೇಲಿನ ಡಿವಿಜನ್‌ನಲ್ಲಿ ತಳಕ್ಕೆ ಹತ್ತಿರ ಇರುವ ತಂಡವೂ ಕೆಳಗಿನ ಡಿವಿಜನ್‌ನಲ್ಲಿ ತುದಿಗೆ ಹತ್ತಿರ ಇರುವ ತಂಡವೂ ಮುಖಾಮುಖಿಯಾಗಿ ಒಂದು ಜಾಗಕ್ಕೆ ಕಾದಾಡುವುದು: ಇಷ್ಟೇ ಪ್ರೊಮೊಸಿಯೋನ್. ಮೊದಲ ಮತ್ತು ಎರಡನೇ ಡಿವಿಜನ್ ನಡುವೆ ಇದು ಕೊನೆಯ ಸಲ ನಡೆದದ್ದು ಅದೇ 1999ರಲ್ಲಿ. ಜರ್ಮನಿಯಲ್ಲಿ ಇಂಥ ಪಂದ್ಯ ಈಗಲೂ ಇದೆ, ಅದನ್ನು ಅಲ್ಲಿ ‘ರೆಲೆಗಾಟ್ಸಿಯೋನ್’ ಅನ್ನುತ್ತಾರೆ. ಅದನ್ನೂ ನಮ್ಮವರು ‘ಹಿಂಬಡ್ತಿ’ ಅಂತ ಬರೆದದ್ದು ನೋಡಿದ್ದೇನೆ.

ಹಾಗಾದರೆ ಏರುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆ? ‘ಅಸೆನ್ಸೊ’. ಇಳಿಯುವುದು ‘ದೆಸೆನ್ಸೊ’. ಎರಡರ ಹೊಟ್ಟೆಯಲ್ಲೂ ಲ್ಯಾಟಿನ್‌ನ ‘ಸ್ಕಾಂದೆರೆ’ ಇದೆ, ಅಂದರೆ ಹತ್ತು, ಏರು. ಇದು ನಮಗೆ ದೂರದ ಪದವೇನಲ್ಲ. ಸಂಸ್ಕೃತದಲ್ಲಿ ನೆಗೆ, ಜಿಗಿ ಅನ್ನುವ ಅರ್ಥದ ‘ಸ್ಕಂದ್’ ಧಾತು ಇದರದ್ದೇ ಬಳಗ. ಕುಕ್ಕೆಯ ಸ್ಕಂದನ ಹೆಸರಲ್ಲಿ ಇರುವುದೂ ಅದೇ ಧಾತು. ‘ಪ್ರೊಮೊಸಿಯೋನ್’ ಹುಟ್ಟಿದ್ದು ಬೇರೆ ಬೇರಿನಿಂದ. ‘ಪ್ರೊ’ ಅಂದರೆ ಮುಂದೆ, ‘ಮೊವೆರೆ’ ಅಂದರೆ ಸರಿಸು. ಮುಂದಕ್ಕೆ ಸರಿಸುವುದಕ್ಕೂ ಮೇಲಕ್ಕೆ ಹತ್ತುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಸ್ಪೇನಿನವರು ಆ ವ್ಯತ್ಯಾಸ ಉಳಿಸಿಕೊಂಡಿದ್ದಾರೆ, ಅನುವಾದಿಸುವಾಗ ನಾವು ಯಾಕೆ ಅಳಿಸಬೇಕು?

‘ಬಡ್ತಿ’ ಬಗ್ಗೆಯೂ ನನಗೆ ತಕರಾರಿದೆ. ಅದು ಕಚೇರಿಯ ಪದ. ಬಡ್ತಿಯನ್ನು ಯಾರೋ ಕೊಡುತ್ತಾರೆ, ಆದೇಶ ಬರುತ್ತದೆ, ಸಂಬಳ ಹೆಚ್ಚುತ್ತದೆ. ಫುಟ್‌ಬಾಲ್‌ನಲ್ಲಿ ತಂಡ ತಾನೇ ಆಡಿ ಗೆದ್ದು ಏರುತ್ತದೆ. ‘ಏರಿಕೆ’, ‘ಇಳಿಕೆ’ ಅಂದರೆ ಸಾಕು. ಇದ್ದಲ್ಲೇ ಬಚಾವಾಗುವುದಕ್ಕೆ ಅವರು ‘ಪೆರ್ಮನೆನ್ಸಿಯಾ’ ಅನ್ನುತ್ತಾರೆ, ನಾವು ‘ಉಳಿವು’ ಅನ್ನಬಹುದು. ಮೂರೂ ಅಚ್ಚ ಕನ್ನಡ, ಮೂರೂ ಚಿಕ್ಕವು.

ಇನ್ನು ‘ಪ್ಲೇಆಫ್’. ಐಪಿಎಲ್ ನೋಡಿ ಈ ಪದ ಕಲಿತವರಿಗೆ ಪ್ಲೇಆಫ್ ಅಂದರೆ ಕಪ್ಪಿಗಾಗಿ ನಾಲ್ಕು ತಂಡಗಳ ಹಣಾಹಣಿ. ಸ್ಪೇನಿನಲ್ಲಿ ಹಾಗಿಲ್ಲ. ಎರಡನೇ ಡಿವಿಜನ್‌ನ 22 ತಂಡಗಳಲ್ಲಿ ಮೊದಲ ಎರಡು ನೇರವಾಗಿ ಏರುತ್ತವೆ, ಚಾಂಪಿಯನ್ ಆಗಲೇ ತೀರ್ಮಾನವಾಗಿರುತ್ತದೆ. 3ರಿಂದ 6ನೇ ಸ್ಥಾನದವರು ಉಳಿದ ಒಂದು ಜಾಗಕ್ಕೆ ಆಡುತ್ತಾರೆ. ಈ ಪದ್ಧತಿ 2010-11ರ ಸೀಸನ್‌ನಿಂದ ಇದೆ. ಇಲ್ಲಿ ಮೇಲಿನ ಡಿವಿಜನ್‌ನ ಯಾವ ತಂಡವೂ ಬರುವುದಿಲ್ಲ, ಹಾಗಾಗಿ ಇದು ಹಳೆಯ ಪ್ರೊಮೊಸಿಯೋನ್ ಕೂಡ ಅಲ್ಲ. 2023ರ ಕೊನೆಯ ಸುತ್ತಿನಲ್ಲಿ ಲೆವಾಂತೆ ಮತ್ತು ಅಲಾವೆಸ್ ಎರಡು ಪಂದ್ಯ ಪೂರ್ತಿ ಗೋಲಿಲ್ಲದೆ ಆಡಿದವು. ಸಮ ಆದರೆ ಲೀಗಿನಲ್ಲಿ ಮೇಲಿದ್ದ ಲೆವಾಂತೆಯೇ ಏರಬೇಕಿತ್ತು. ಹೆಚ್ಚುವರಿ ಸಮಯವೂ ಮುಗಿಯುವ ಹೊತ್ತಿಗೆ ಅಲಾವೆಸ್‌ಗೆ ಪೆನಾಲ್ಟಿ ಸಿಕ್ಕಿತು. ವಿಯಾಲಿಬ್ರೆ ಹೊಡೆದ, ಅಲಾವೆಸ್ ಏರಿತು.

ಅದಕ್ಕೂ ಕೆಳಗೆ ಹೋದರೆ ಪದಗಳು ಇನ್ನೂ ಜಾಸ್ತಿ. ಮೂರನೇ ಹಂತ 1977ರಿಂದ 2021ರವರೆಗೆ ‘ಸೆಗುಂದಾ ಬೆ’ ಆಗಿತ್ತು. ಅಲ್ಲಿ ಬಹಳ ಕಾಲ ನಾಲ್ಕು ಗುಂಪು. ಒಂದೊಂದು ಗುಂಪಿನ ಮೊದಲ ನಾಲ್ಕು ತಂಡ ಸೇರಿಸಿ ‘ಲಿಗಿಯಾ’ ನಡೆಸುತ್ತಿದ್ದ ಕಾಲವೂ ಇತ್ತು. ‘ಲೀಗಾ’ ಪದಕ್ಕೆ ಚಿಕ್ಕದು ಅನ್ನುವ ಪ್ರತ್ಯಯ ಸೇರಿದೆ, ಅಂದರೆ ಪುಟ್ಟ ಲೀಗ್. ನಾಲ್ಕು ನಾಲ್ಕು ತಂಡಗಳ ಗುಂಪು, ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿ, ಗುಂಪಿಗೊಬ್ಬರು ಏರುವುದು. ಇದನ್ನು ‘ಪ್ಲೇಆಫ್ ಸೆಮಿಫೈನಲ್’ ಅಂತ ಬರೆದರೆ ಅರ್ಥವೇ ಇಲ್ಲ.

ಆಮೇಲೆ ನಾಕೌಟ್ ಬಂತು, ಅದರ ಜೊತೆ ದೊಡ್ಡ ಅನ್ಯಾಯವೂ ಬಂತು. ಇಡೀ ವರ್ಷ ಆಡಿ ಗುಂಪಿನಲ್ಲಿ ಮೊದಲು ಬಂದರೂ ಏರಿಕೆ ಖಾತ್ರಿ ಇರಲಿಲ್ಲ. ಕಾದಿಸ್ 2015ರಲ್ಲಿ ತನ್ನ ಗುಂಪಿನಲ್ಲಿ ಮೊದಲನೇ ಸ್ಥಾನ ಪಡೆಯಿತು. ಮೊದಲು ಒವಿಯೆದೊಗೆ ಸೋತಿತು, ಇನ್ನೊಂದು ಅವಕಾಶ ಸಿಕ್ಕಿ ಕೊನೆಗೆ ಬಿಲ್ಬಾವೊ ಅಥ್ಲೆಟಿಕ್‌ಗೂ ಸೋತಿತು. 2016ರಲ್ಲಿ ನಾಲ್ಕನೇ ಸ್ಥಾನ ಪಡೆದು ಏರಿತು. ಹೀಗಿರುವಾಗ ‘ಸೆಗುಂದಾ ಬೆ ಗೆದ್ದು ಏರಿದ ಕಾದಿಸ್’ ಅಂತ ಬರೆಯುವುದು ಆ ಊರಿನವರು ನೊಂದ ವರ್ಷಗಳನ್ನೇ ಅಳಿಸಿದ ಹಾಗೆ. ಸೆಗುಂದಾ ಬೆ ಜಾಗಕ್ಕೆ ಬಂದಿರುವ ಈಗಿನ ಮೂರನೇ ಹಂತ ಪ್ರಿಮೆರಾ ಫೆದೆರಾಸಿಯೋನ್‌ನಲ್ಲಿ ಎರಡೂ ಗುಂಪಿನ ಮೊದಲಿಗರು ನೇರವಾಗಿ ಏರುತ್ತಾರೆ. ಇದು ಸರಿಯಾದ ಕ್ರಮ.

ಬಿಲ್ಬಾವೊ ಅಥ್ಲೆಟಿಕ್ ಅಂದೆನಲ್ಲ, ಅದು ಅಥ್ಲೆಟಿಕ್ ಕ್ಲಬ್ಬಿನ ‘ಫಿಲಿಯಾಲ್’, ಅಂದರೆ ಮರಿ ತಂಡ. ಲ್ಯಾಟಿನ್‌ನಲ್ಲಿ ‘ಫಿಲಿಯುಸ್’ ಅಂದರೆ ಮಗ. ತಾಯಿ ತಂಡ ಇರುವ ಡಿವಿಜನ್‌ಗೆ ಮರಿ ತಂಡ ಏರುವ ಹಾಗಿಲ್ಲ. 1984ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಕಾಸ್ತಿಯಾ ಎರಡನೇ ಡಿವಿಜನ್ ಗೆದ್ದೂ ಅಲ್ಲೇ ಉಳಿಯಿತು. 2012ರಲ್ಲಿ ವಿಯಾರೆಯಾಲ್ ಕೆಳಗಿಳಿದಾಗ, ಎರಡನೇ ಡಿವಿಜನ್‌ನಲ್ಲಿ 12ನೇ ಸ್ಥಾನದಲ್ಲಿದ್ದ ಅದರ ಮರಿ ತಂಡವೂ ಸೆಗುಂದಾ ಬೆಗೆ ಇಳಿಯಬೇಕಾಯಿತು. ‘ಕಳಪೆ ಆಟದಿಂದ ಇಳಿಯಿತು’ ಅಂತ ಸುಮ್ನೆ ಬರೆಯಬೇಡಿ.

ಇಳಿಕೆಯ ಕಡೆಗೂ ಕೆಲವು ಹಂತಗಳಲ್ಲಿ ಇಂಥ ಪಂದ್ಯಗಳಿವೆ. ಅವನ್ನು ಸ್ಪೇನಿನಲ್ಲಿ ‘ಪ್ಲೇಔಟ್’ ಅಂತಲೂ ಕರೆಯುತ್ತಾರೆ. ಸೆಗುಂದಾ ಬೆ ಕಾಲದಲ್ಲಿ ನಾಲ್ಕೂ ಗುಂಪಿನ 16ನೇ ಸ್ಥಾನದವರು ಜೋಡಿ ಜೋಡಿಯಾಗಿ ಆಡುತ್ತಿದ್ದರು. ಗೆದ್ದ ಇಬ್ಬರು ಉಳಿದರು, ಸೋತ ಇಬ್ಬರು ಇಳಿದರು. ಅಲ್ಲಿ ಗೆದ್ದ ತಂಡಕ್ಕೆ ‘ಬಡ್ತಿ ಪ್ಲೇಆಫ್ ಗೆದ್ದಿತು’ ಅಂತ ತಲೆಬರಹ ಕೊಟ್ಟರೆ, ಆ ತಂಡ ಮುಂದಿನ ವರ್ಷವೂ ಅದೇ ಡಿವಿಜನ್‌ನಲ್ಲಿ ಯಾಕಿದೆ ಅಂತ ಓದುಗರು ಕೇಳೇ ಕೇಳುತ್ತಾರೆ.