ಆ ಎರಡು ಶಾಫ್ಟ್ ಕಿತ್ತುಹಾಕುವ ಮೊದಲು

ದಾವಣಗೆರೆಯ ಪಿ.ಬಿ. ರಸ್ತೆ ಆಸುಪಾಸಿನ ಗ್ಯಾರೇಜಿನಲ್ಲಿ ಹಳೆಯ ಡೀಸೆಲ್ ಮಿತ್ಸುಬಿಷಿ ಪಜೆರೊ ಬಾನೆಟ್ ಎತ್ತಿಕೊಂಡು ನಿಂತಿದೆ ಅಂದುಕೊಳ್ಳಿ. ಟೈಮಿಂಗ್ ಬೆಲ್ಟಿನ ಮಾತು ಬಂದ ಕೂಡಲೇ ಯಾರಾದರೊಬ್ಬರು ಹೇಳುತ್ತಾರೆ: "ಆ ಸಣ್ಣ ಬೆಲ್ಟ್ ಯಾಕೆ ಹಾಕಿಸ್ತೀರಿ ಸಾರ್? ಬ್ಯಾಲೆನ್ಸ್ ಶಾಫ್ಟ್ ತೆಗೆದೇ ಬಿಡಿ. ಅದಿಲ್ದೆನೂ ಗಾಡಿ ಓಡುತ್ತೆ." ಮಾತು ಸುಳ್ಳಲ್ಲ, ಗಾಡಿ ಓಡುತ್ತದೆ. ಮನೆ ಮುಂದೆಯೇ ಜಾಕ್, ಸ್ಪ್ಯಾನರ್ ಸೆಟ್ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯುವ ಉತ್ಸಾಹಿಗಳೂ ಇದ್ದಾರೆ. ಆದರೆ ಎಂಜಿನ್ನಿನ ನಡುಕ ತಗ್ಗಿಸಲೆಂದು ಇಟ್ಟ ಆ ಎರಡು ಶಾಫ್ಟ್ ಒಳಗೆ ಏನು ಮಾಡುತ್ತಿತ್ತು ಅನ್ನೋದು ತಿಳಿಯದೆ ಕೈ ಹಾಕಿದರೆ ಕೆಲಸ ಅರ್ಧಕ್ಕೇ ನಿಲ್ಲುವ ಸಾಧ್ಯತೆ ಜಾಸ್ತಿ. ಅರ್ಧ ಕಿತ್ತ ಎಂಜಿನ್ ನಡುಗುವ ರೀತಿಯೇ ಬೇರೆ.

ನಾಲ್ಕು ಸಿಲಿಂಡರ್ ಸಾಲಾಗಿರುವ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಇನ್ನೆರಡು ಕೆಳಗೆ ಬರುತ್ತವೆ. ಒಂದು ಜೋಡಿಯ ತೂಕಕ್ಕೆ ಇನ್ನೊಂದು ಜೋಡಿ ಸರಿಹೋಯಿತು, ಇನ್ನೆಲ್ಲಿಯ ನಡುಕ? ಹಾಗೆ ಅನ್ನಿಸುತ್ತದೆ ಅಲ್ವಾ? ಎಡವಟ್ಟು ಇರುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನಲ್ಲಿ.

ಆ ಪಜೆರೊದ 4ಡಿ56 ಎಂಜಿನ್ನನ್ನೇ ತೆಗೆದುಕೊಳ್ಳಿ. 2477 ಸಿಸಿ. ಪಿಸ್ಟನ್ ಮೇಲಿನಿಂದ ಕೆಳಕ್ಕೆ 95 ಮಿ.ಮೀ. ಓಡುತ್ತದೆ. ರಾಡಿನ ಉದ್ದ ಲೆಕ್ಕಕ್ಕೆ 160 ಮಿ.ಮೀ. ಎಂದು ಹಿಡಿಯೋಣ. ಕ್ರ್ಯಾಂಕ್ ಮೇಲ್ತುದಿಯಿಂದ ಕಾಲು ಸುತ್ತು ತಿರುಗಿದಾಗ ಪಿಸ್ಟನ್ ಸರಿಯಾಗಿ ಅರ್ಧ ದಾರಿ, ಅಂದರೆ 47.5 ಮಿ.ಮೀ. ಇಳಿದಿರಬೇಕಿತ್ತು. ಆದರೆ ಆ ಹೊತ್ತಿಗೆ ರಾಡ್ ಓರೆಯಾಗಿರುತ್ತದೆ. ಓರೆಯಾದ ರಾಡ್ ನೆಟ್ಟಗೆ ನಿಂತ ರಾಡಿನಷ್ಟು ಎತ್ತರ ಕೊಡುವುದಿಲ್ಲ. ಹಾಗಾಗಿ ಪಿಸ್ಟನ್ ಸುಮಾರು 55 ಮಿ.ಮೀ. ಇಳಿದುಬಿಟ್ಟಿರುತ್ತದೆ. ಇತ್ತ ಕೆಳಗಿದ್ದ ಜೋಡಿ ಅದೇ ಕಾಲು ಸುತ್ತಿನಲ್ಲಿ ಬರೀ 40 ಮಿ.ಮೀ. ಏರಿರುತ್ತದೆ. ಆ ಕ್ಷಣ ನಾಲ್ಕೂ ಪಿಸ್ಟನ್ ಒಂದೇ ಮಟ್ಟದಲ್ಲಿರುತ್ತವೆ, ಆದರೆ ನಡುಗೆರೆಗಿಂತ 7 ಮಿ.ಮೀ. ಕೆಳಗೆ. ಇನ್ನು ಕಾಲು ಸುತ್ತಾದರೆ ಎರಡು ಮೇಲೆ, ಎರಡು ಕೆಳಗೆ ನಿಂತು ಸರಾಸರಿ ಮತ್ತೆ ನಡುಗೆರೆಗೆ ಬರುತ್ತದೆ. ಅಂದರೆ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ನಾಲ್ಕೂ ಪಿಸ್ಟನ್ನಿನ ಒಟ್ಟು ತೂಕ 7 ಮಿ.ಮೀ. ಇಳಿದು ಏರುತ್ತದೆ.

ಏಳು ಮಿಲಿಮೀಟರ್ ಯಾವ ಲೆಕ್ಕ ಅನ್ನಬೇಡಿ. ಪಿಸ್ಟನ್ ಮತ್ತು ಅದರ ಜೊತೆ ಓಡಾಡುವ ಭಾಗಗಳು ಸಿಲಿಂಡರಿಗೆ 1 ಕೆಜಿ ಇವೆ ಅಂದುಕೊಂಡರೆ, 4000 ಆರ್‌ಪಿಎಂನಲ್ಲಿ ಹುಟ್ಟುವ ಬಲ ಹತ್ತಿರ ಹತ್ತಿರ 1 ಟನ್ ತೂಕಕ್ಕೆ ಸಮ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ 133 ಸಲ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ 2000ದಲ್ಲಿ 250 ಕೆಜಿ. 800ರ ಐಡ್ಲಿಂಗಿನಲ್ಲಿ ಬರೀ 40 ಕೆಜಿ. ಶಾಫ್ಟ್ ಕಿತ್ತ ಮೇಲೆ ಗ್ಯಾರೇಜಿನ ಮುಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿ, "ನೋಡಿ, ಏನೂ ವ್ಯತ್ಯಾಸ ಇಲ್ಲ" ಅನ್ನೋದು ಇದಕ್ಕೇ. ವ್ಯತ್ಯಾಸ ತಿಳಿಯಬೇಕಾದರೆ ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗದವರೆಗೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ ನೋಡಬೇಕು.

ಇದಕ್ಕೆ ಮದ್ದು ಹುಡುಕಿದವರು ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ (1868–1946). ಒಂದು ಬದಿಗೆ ಮಾತ್ರ ತೂಕ ಇರುವ ಎರಡು ಶಾಫ್ಟ್ ಹಾಕಿ, ಅವನ್ನು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಒಂದಕ್ಕೊಂದು ಎದುರಾಗಿ ತಿರುಗಿಸಿ ಎಂಬುದು ಅವರ ಉಪಾಯ. ಎಡಕ್ಕೆ, ಬಲಕ್ಕೆ ಎಳೆಯುವಾಗ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲೆ, ಕೆಳಗೆ ಎಳೆಯುವಾಗ ಎರಡೂ ಸೇರಿ ಪಿಸ್ಟನ್ನಿನ ಬಲಕ್ಕೆ ಎದುರು ನಿಲ್ಲುತ್ತವೆ. ನನಗಂತೂ ಎಂಜಿನ್ನಿನೊಳಗಿನ ಅತಿ ಜಾಣ ಉಪಾಯಗಳಲ್ಲಿ ಇದೂ ಒಂದು. ದಶಕಗಳ ನಂತರ, 1970ರ ದಶಕದಲ್ಲಿ, ಮಿತ್ಸುಬಿಷಿಯವರು ಒಂದು ಶಾಫ್ಟನ್ನು ಇನ್ನೊಂದಕ್ಕಿಂತ ಎತ್ತರದಲ್ಲಿಟ್ಟು ಎಂಜಿನ್ ಹೊರಳಾಡುವುದನ್ನೂ ತಗ್ಗಿಸಿದರು. ಅದಕ್ಕೆ ಇಟ್ಟ ಹೆಸರು ಸೈಲೆಂಟ್ ಶಾಫ್ಟ್. ಪೋರ್ಷೆಯಂಥ ಪೋರ್ಷೆಯೇ ತನ್ನ 944 ಕಾರಿಗೆ ಮಿತ್ಸುಬಿಷಿಯಿಂದ ಇದರ ಲೈಸೆನ್ಸ್ ಪಡೆಯಿತು. (ಒಂದೇ ಸಿಲಿಂಡರಿನ ಬೈಕಿನ ಕಥೆ ಬೇರೆ. 2020ರಿಂದ ಈಚೆಗೆ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್, ಹೊಸ ಕ್ಲಾಸಿಕ್ 350ರಲ್ಲಿ ಬ್ಯಾಲೆನ್ಸರ್ ಇದೆ. ಹಳೆಯ ಬುಲೆಟ್ ಓಡಿಸಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.)

ಇಷ್ಟು ಒಳ್ಳೆಯದಾದರೆ ಕೀಳುವುದೇಕೆ? ಕಾರಣಗಳಿವೆ. ಶಾಫ್ಟ್ ತಿರುಗಿಸುವ ಆ ಸಣ್ಣ ಬೆಲ್ಟ್ ಹಳೆಯದಾಗಿ ಹರಿದರೆ, ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚಿಸುವ ದೊಡ್ಡ ಟೈಮಿಂಗ್ ಬೆಲ್ಟಿಗೆ ಅದರ ತುಂಡು ಹೋಗಿ ಸಿಕ್ಕಿಕೊಳ್ಳಬಹುದು. ಟೈಮಿಂಗ್ ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಹೆಡ್ ಕೆಲಸ ತಪ್ಪಿದ್ದಲ್ಲ. ಶಾಫ್ಟ್ ಎರಡರಷ್ಟು ವೇಗದಲ್ಲಿ ತಿರುಗುವುದರಿಂದ ಎಂಜಿನ್ನಿಗೆ ಅದರ ಭಾರ ನಾಲ್ಕರಷ್ಟಾಗಿ ತಟ್ಟುತ್ತದೆ. ರೇಸ್ ಎಂಜಿನ್ ಕಟ್ಟುವವರಿಗೆ ಇದು ದೊಡ್ಡ ವಿಷಯ. ಊರಿಂದ ತೋಟಕ್ಕೆ ಹೋಗಿಬರುವ ಗಾಡಿಗೆ ಅಲ್ಲ.

ಶಾಫ್ಟ್ ತೆಗೆದರೆ ಕ್ರ್ಯಾಂಕ್ ಮುರಿಯುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಅದು ಸರಿಯಲ್ಲ. ಬ್ಯಾಲೆನ್ಸ್ ಶಾಫ್ಟ್ ಕ್ರ್ಯಾಂಕಿನ ಹೊರೆ ಇಳಿಸುವುದೇ ಇಲ್ಲ. ಅದು ಸಮಾಧಾನ ಮಾಡುವುದು ಬ್ಲಾಕನ್ನು, ಅಂದರೆ ಎಂಜಿನ್ನಿನ ಮೈಯನ್ನು. ಹಾಗಾಗಿ ಪೆಟ್ಟು ಬೀಳುವುದು ಬ್ಲಾಕಿಗೆ ತಗುಲಿಕೊಂಡವುಗಳಿಗೆ: ಎಂಜಿನ್ ಮೌಂಟಿಂಗ್, ಆಲ್ಟರ್ನೇಟರಿನ ಬ್ರ್ಯಾಕೆಟ್, ಸೈಲೆನ್ಸರ್ ಕ್ಲ್ಯಾಂಪ್, ಆಮೇಲೆ ಒಳಗೆ ಕೂತವರ ತಲೆ. 200 ಕೆಜಿಯ ಎಂಜಿನ್ ಆ 1 ಟನ್ ಬಲಕ್ಕೆ ಅಲ್ಲಾಡುವುದು 0.14 ಮಿ.ಮೀ. ಮಾತ್ರ. ಕಣ್ಣಿಗೆ ಕಾಣುವುದಿಲ್ಲ. ನಟ್ಟು ಸಡಿಲ ಮಾಡಲು ಅಷ್ಟು ಸಾಕು.

ಈಗ ಅರ್ಧ ಕೆಲಸದ ವಿಷಯ. ಮಿತ್ಸುಬಿಷಿಯದೇ ಇನ್ನೊಂದು ಎಂಜಿನ್, ಪೆಟ್ರೋಲಿನ 4ಜಿ63ರಲ್ಲಿ, ಒಂದು ಶಾಫ್ಟ್ ಸಣ್ಣ ಬೆಲ್ಟಿನಿಂದ ತಿರುಗುತ್ತದೆ, ಇನ್ನೊಂದು ಆಯಿಲ್ ಪಂಪಿನ ಗಿಯರಿನಿಂದ. ಸುಮ್ನೆ ಬೆಲ್ಟ್ ಒಂದನ್ನೇ ತೆಗೆದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ತಿರುಗುತ್ತಲೇ ಇರುತ್ತದೆ. ಮೇಲೆ ಕೆಳಗಿನ ನಡುಕದಲ್ಲಿ ಅರ್ಧ ಉಳಿಯಿತು. ಜೊತೆಗೆ ಎಡ ಬಲದ ಎಳೆತವನ್ನು ಅಳಿಸಲು ಜೋಡಿ ಇಲ್ಲದೆ, ಅಷ್ಟೇ ಬಲದ ಹೊಸ ನಡುಕ ಅಡ್ಡಕ್ಕೂ ಹುಟ್ಟಿತು. ಎರಡೂ ಸೇರಿ ಸುತ್ತುವ ಬಲವಾಗುತ್ತದೆ, ಬಟ್ಟೆ ಒಂದೇ ಕಡೆ ಗುಂಪಾದ ವಾಷಿಂಗ್ ಮಷೀನಿನ ಹಾಗೆ.

ತೆಗೆಯುವುದಾದರೆ ಎರಡನ್ನೂ ತೆಗೆಯಬೇಕು. ಆಯಿಲ್ ಪಂಪಿಗೆ ಆ ಶಾಫ್ಟಿನ ಮುಂದಿನ ತುದಿ ಬೇಕೇ ಬೇಕು. ಹಾಗಾಗಿ ಲೇತಿನಲ್ಲಿ ಅದನ್ನು ತುಂಡು ಮಾಡಿ ಮೋಟು ಶಾಫ್ಟ್ ಹಾಕುತ್ತಾರೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತನ್ನೇ ತಯಾರಿಸುತ್ತಿತ್ತು, ಇಂಥ ಕಡೆ ಒಳ್ಳೆಯ ಟರ್ನರ್ ಸಿಗದೆ ಇರುವುದಿಲ್ಲ. ಕಷ್ಟ ಇರುವುದು ಬೇರಿಂಗಿನಲ್ಲಿ. ಶಾಫ್ಟಿನ ಬೇರಿಂಗಿಗೆ ಆಯಿಲ್ ಬರುವ ತೂತು ಬ್ಲಾಕಿನಲ್ಲಿದೆ. ಶಾಫ್ಟ್ ಹೋದ ಮೇಲೆ ಆಯಿಲ್ ಅಲ್ಲಿಂದ ಸುರಿದುಹೋಗಿ ಪ್ರೆಶರ್ ಬೀಳುತ್ತದೆ. ಬೇರಿಂಗ್ ಹೊರತೆಗೆದು, ತೂತು ಮುಚ್ಚುವಂತೆ ತಿರುಗಿಸಿ ಮತ್ತೆ ಬಡಿದು ಕೂರಿಸಬೇಕು. ಒಂದು ಬೇರಿಂಗ್ ಬ್ಲಾಕಿನ ಆಳದಲ್ಲಿದೆ. ಎಂಜಿನ್ ಇಳಿಸದೆ ಅಂಗಳದಲ್ಲಿ ಮಲಗಿಕೊಂಡು ಮಾಡುವ ಕೆಲಸ ಅಲ್ಲ. ಇದನ್ನು ಬಿಟ್ಟವರ ಎಂಜಿನ್ ಹಾಳಾಗುವುದು ನಡುಕದಿಂದಲ್ಲ, ಆಯಿಲ್ ಇಲ್ಲದೆ.

ನನ್ನನ್ನು ಕೇಳಿದರೆ, ದಿನಬಳಕೆಯ ಗಾಡಿಗೆ ಎರಡೂ ಬೆಲ್ಟನ್ನು ಒಟ್ಟಿಗೇ, ಹೊತ್ತಿಗೆ ಸರಿಯಾಗಿ ಬದಲಿಸುವುದೇ ಕಡಿಮೆ ರಗಳೆ. ಆಗ ಒಂದು ವಿಷಯ ಮಾತ್ರ ನಿಂತು ನೋಡಿ. 4ಜಿ63ರಲ್ಲಿ ಆಯಿಲ್ ಪಂಪ್ ಪುಲ್ಲಿಯ ಗುರುತು ಸರಿ ಕೂತಿದ್ದರೂ ಒಳಗಿನ ಶಾಫ್ಟ್ ತಲೆಕೆಳಗಾಗಿ ನಿಂತಿರಬಹುದು. ಹಾಗೆ ಕೂತರೆ ಶಾಫ್ಟೇ ಇಲ್ಲದ ಎಂಜಿನ್ನಿಗಿಂತ ಜಾಸ್ತಿ ನಡುಕ. ಮೇಲೆ ಕೆಳಗಿನ ಬಲ ಪೂರ್ತಿ ಉಳಿಯುತ್ತದೆ, ಅಡ್ಡಕ್ಕೂ ಅಷ್ಟೇ ಸೇರುತ್ತದೆ. "ಶಾಫ್ಟೇ ಸರಿ ಇಲ್ಲ, ತೆಗೆದುಬಿಡೋಣ" ಎಂಬ ತೀರ್ಮಾನಕ್ಕೆ ಬರುವ ಮೊದಲು ಬ್ಲಾಕಿನ ಬದಿಯ ಪ್ಲಗ್ ಬಿಚ್ಚಿ, 8 ಮಿ.ಮೀ. ದಪ್ಪದ ಸ್ಕ್ರೂಡ್ರೈವರ್ ತೂರಿಸಿ. 60 ಮಿ.ಮೀ. ಒಳಗೆ ಹೋದರೆ ಶಾಫ್ಟ್ ಸರಿಯಾಗಿದೆ. 20–25ಕ್ಕೇ ತಡೆದರೆ ಪುಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ, ಗುರುತು ಕೂಡಿಸಿ, ಮತ್ತೆ ತೂರಿಸಿ ನೋಡಬೇಕು.