‘ಸಂಯೋಜಿತ’ ಕಾಲೇಜು ಮತ್ತು ನಮ್ಮ ಮುಂಬೈ ಯೂನಿವರ್ಸಿಟಿ

ಇಲ್ಲಿನ ಕನ್ನಡ ಸಂಘಗಳ ಸನ್ಮಾನಪತ್ರಗಳಲ್ಲಿ, ಮದುವೆಯ ಬಯೋಡೇಟಾಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಮುಂಬೈ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಓದಿದರು’. ಓದಿದ್ದು ಮುಲುಂಡಿನದೋ ಡೊಂಬಿವಲಿಯದೋ ಕಾಲೇಜಿನಲ್ಲಿ. ಅದನ್ನಾದರೂ ಬಿಡೋಣ. ಈಗ ಇನ್ನೊಂದು ಮಾತು ಜಾಸ್ತಿಯಾಗಿದೆ: ‘ಮಗಳ ಕಾಲೇಜಿಗೆ ಸ್ವಾಯತ್ತತೆ ಬಂತು, ಇನ್ನು ಅದೇ ಯೂನಿವರ್ಸಿಟಿ.’ ಇದನ್ನು ಮೊನ್ನೆ ಅಚ್ಚಾದ ಸ್ಮರಣ ಸಂಚಿಕೆಯಲ್ಲೂ ಓದಿದೆ. ಹಾಗಾಗುವುದಿಲ್ಲ.

ಸಂಯೋಜಿತ (ಅಫಿಲಿಯೇಟೆಡ್) ಕಾಲೇಜು ಪಾಠ ಮಾಡುತ್ತದೆ, ಪದವಿ ಕೊಡುವುದು ವಿಶ್ವವಿದ್ಯಾಲಯ. ಮರಾಠಿ ಕೇಳಿ ಕೇಳಿ ನಾವು ‘ಸಂಲಗ್ನ’ ಅಂತಲೂ ಅನ್ನುತ್ತೇವೆ, ಅಡ್ಡಿಯಿಲ್ಲ. ‘ಮಾನ್ಯತೆ’ ಎಂದು ಬರೆದರೆ ಮಾತ್ರ ಗೊಂದಲ. ಕಾಲೇಜುಗಳ ಮೌಲ್ಯಮಾಪನ ಮಾಡುವ ರಾಷ್ಟ್ರೀಯ ಮಂಡಳಿ ನ್ಯಾಕ್ ಕೊಡುವುದು ಗುಣಮಟ್ಟದ ಮಾನ್ಯತೆ. ಎಷ್ಟೇ ಒಳ್ಳೆಯ ಗ್ರೇಡ್ ಬಂದರೂ ಅದರಿಂದ ಪದವಿ ಕೊಡುವ ಅಧಿಕಾರ ಬರುವುದಿಲ್ಲ.

ಮುಂಬೈ ವಿಶ್ವವಿದ್ಯಾಲಯ ಹುಟ್ಟಿದ್ದೇ ಹೀಗೆ. ಭಾರತದ ಶಿಕ್ಷಣ ಹೇಗಿರಬೇಕೆಂದು ಬ್ರಿಟನ್ನಿನಿಂದ ಬಂದ 1854ರ ವುಡ್ ವರದಿಯ ಸಲಹೆಯಂತೆ 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ಮೂರೂ ಕಡೆ ವಿಶ್ವವಿದ್ಯಾಲಯಗಳು ಶುರುವಾದವು. ಮಾದರಿ ಲಂಡನ್ ವಿಶ್ವವಿದ್ಯಾಲಯ. ಪರೀಕ್ಷೆ ಮಾಡುವುದು, ಪಾಸಾದವರಿಗೆ ಪದವಿ ಕೊಡುವುದು, ಇಷ್ಟೇ ಕೆಲಸ. ಪಾಠವೆಲ್ಲ ಎಲ್ಫಿನ್‌ಸ್ಟನ್‌ನಂಥ ಕಾಲೇಜುಗಳದ್ದು. 1862ರಲ್ಲಿ ಮಹಾದೇವ ಗೋವಿಂದ ರಾನಡೆ, ಆರ್.ಜಿ. ಭಂಡಾರ್ಕರ್ ಮೊದಲ ತಂಡದಲ್ಲಿ ಪದವಿ ಪಡೆದಾಗ ವಿಶ್ವವಿದ್ಯಾಲಯಕ್ಕೆ ಸ್ವಂತ ಸಭಾಂಗಣವೂ ಇರಲಿಲ್ಲ. ಫೋರ್ಟಿನ ಘಟಿಕೋತ್ಸವ ಭವನ ಮುಗಿದದ್ದು 1874ರಲ್ಲಿ. ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರಿನಲ್ಲಿ ಹಣ ಕೊಟ್ಟು ಕಟ್ಟಿಸಿದ ರಾಜಾಬಾಯಿ ಗೋಪುರ ಎದ್ದದ್ದು 1878ಕ್ಕೆ. ಓವಲ್ ಮೈದಾನದಿಂದ ಆ ಗಡಿಯಾರ ತೋರಿಸಿ ‘ಅದೇ ಯೂನಿವರ್ಸಿಟಿ’ ಅನ್ನುತ್ತೇವಲ್ವಾ, ಯೂನಿವರ್ಸಿಟಿ ಅದಕ್ಕಿಂತ ಎರಡು ದಶಕ ಹಿರಿಯದು.

ಕನ್ನಡಿಗರಿಗಂತೂ ಇದು ಗೊತ್ತಿರಲೇಬೇಕು. ಧಾರವಾಡದ ಬೇಂದ್ರೆ 1918ರಲ್ಲಿ ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಪದವಿ ಮಾತ್ರ ಬಾಂಬೆಯದು. ಪುಣೆಗೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಅದು ಬಂದದ್ದು 1949ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜೂ ಬಾಂಬೆಗೇ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮೊದಲು ಮುಂಬೈಯಲ್ಲೇ ಕಚೇರಿ ತೆರೆದು, ಮರುವರ್ಷ ಧಾರವಾಡಕ್ಕೆ ಹೋಯಿತು. ಹಳೆಯ ತಲೆಮಾರಿನವರು ಹೆಸರಿನ ಮುಂದೆ ‘ಬಿ.ಎ. (ಬಾಂಬೆ)’ ಎಂದು ಹಾಕಿಕೊಳ್ಳುತ್ತಿದ್ದರು. ಎಷ್ಟು ಸರಿಯಾದ ಬರವಣಿಗೆ! ಓದಿದ ಊರು ಯಾವುದೇ ಇರಲಿ, ಪದವಿ ಎಲ್ಲಿಯದು ಎಂಬುದು ಅದರಲ್ಲಿ ಸ್ಪಷ್ಟ.

ಹಾಗಾದರೆ ‘ಯೂನಿವರ್ಸಿಟಿಯಲ್ಲೇ ಓದಿದೆ’ ಅಂತ ಯಾರು ಹೇಳಬಹುದು? ಅದರ ಸ್ವಂತ ವಿಭಾಗದಲ್ಲಿ ಕಲಿತವರು, ಸಂಶೋಧನೆ ಮಾಡಿದವರು. ಇಪ್ಪತ್ತನೇ ಶತಮಾನದಲ್ಲಿ ಬಾಂಬೆ ತಾನೇ ವಿಭಾಗಗಳನ್ನು ತೆರೆಯಿತು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಸಮಾಜಶಾಸ್ತ್ರ ಕಲಿಯಲು ಬಂದು, ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಮೇಲೆ ಸಂಶೋಧನೆ ಮಾಡಿದ್ದು ಅಂಥ ವಿಭಾಗದಲ್ಲಿ. ಇವತ್ತು ಕಲೀನಾದ ವಿದ್ಯಾನಗರಿಯ ಕನ್ನಡ ವಿಭಾಗದಲ್ಲಿ ಎಂ.ಎ. ಮಾಡುವವರಿಗೂ ಆ ಮಾತು ಸಲ್ಲುತ್ತದೆ.

ಇನ್ನು ಸ್ವಾಯತ್ತತೆ. ಸ್ವಾಯತ್ತ ಕಾಲೇಜು ಪಠ್ಯ ತಾನೇ ರೂಪಿಸುತ್ತದೆ, ಪರೀಕ್ಷೆ ತಾನೇ ಮಾಡುತ್ತದೆ, ಫಲಿತಾಂಶವನ್ನೂ ತಾನೇ ಕೊಡುತ್ತದೆ. ಆದರೂ ಅದು ಸಂಯೋಜಿತವೇ. ಸೇಂಟ್ ಝೇವಿಯರ್ಸ್ 2010ರಿಂದ ಸ್ವಾಯತ್ತ. ಅಲ್ಲಿನ ಪದವಿ ಪತ್ರವನ್ನು ಬಿಡಿಸಿ ನೋಡಿ: ಕಾಲೇಜಿನ ಹೆಸರು ಇರುತ್ತದೆ, ಪದವಿ ಕೊಟ್ಟದ್ದು ಮುಂಬೈ ವಿಶ್ವವಿದ್ಯಾಲಯ. ‘ಡೀಮ್ಡ್’, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನ ಎಂದು ಪರಿಗಣಿಸಿದ ಸಂಸ್ಥೆ, ಬೇರೆ ಕಥೆ. ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಸಿಟಿಯೇ ಉದಾಹರಣೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾಗಿ ಶುರುವಾಗಿ, 2008ರಲ್ಲಿ ಡೀಮ್ಡ್ ಆಯಿತು. ಈಗ ಪದವಿಯೂ ಅದರದ್ದೇ. ಸ್ವಾಯತ್ತ, ಡೀಮ್ಡ್ ಎರಡನ್ನೂ ಒಂದೇ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ನಡುವೆ ಒಂದು ಮಾತು. ಕನ್ನಡದಲ್ಲಿ ನಾವು ಕೇಳಿ ಬೆಳೆದ ‘ಕುಲಪತಿ’ ವೈಸ್ ಚಾನ್ಸಲರ್, ರಾಜ್ಯಪಾಲರು ‘ಕುಲಾಧಿಪತಿ’. ಮಹಾರಾಷ್ಟ್ರದ ಮರಾಠಿಯಲ್ಲಿ ರಾಜ್ಯಪಾಲರೇ ‘ಕುಲಪತಿ’, ವೈಸ್ ಚಾನ್ಸಲರ್ ‘ಕುಲಗುರು’. ಮರಾಠಿ ಆಮಂತ್ರಣ ನೋಡಿ ಕನ್ನಡದ್ದು ಅಚ್ಚು ಹಾಕಿಸುವವರು ಇಷ್ಟು ಗಮನಿಸಿದರೆ ಸಾಕು.

ಬಯೋಡೇಟಾ ಬರೆಯುವವರು ಕಾಲೇಜಿನ ಹೆಸರು ಮೊದಲು ಹಾಕಿ, ಪಕ್ಕದಲ್ಲಿ ‘ಮುಂಬೈ ವಿಶ್ವವಿದ್ಯಾಲಯದ ಪದವಿ’ ಅನ್ನಿ. ಗೋವಾದ ಹಿರಿಯರೂ ಅಷ್ಟೇ. ಗೋವಾ ವಿಶ್ವವಿದ್ಯಾಲಯ ಶುರುವಾದದ್ದು 1985ರಲ್ಲಿ. ಅದಕ್ಕೆ ಮುಂಚೆ ಪಣಜಿಯಲ್ಲಿ ಬಿ.ಎ. ಮಾಡಿದವರ ಪದವಿ ಬಾಂಬೆಯದು, ಹಾಗೆಯೇ ಬರೆಯಬೇಕು.